ಜುಲೈಯಲ್ಲಿ ಬೊಲಿವಿಯಾ: ಅಪ್ಪನೂ ಬರುತ್ತಿದ್ದಾರೆ, ಈ ಯೋಜನೆ ಸರಿಯಿದೆಯೇ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ಪತ್ನಿ ಮತ್ತು 66 ವರ್ಷದ ನನ್ನ ತಂದೆ ಜುಲೈ ತಿಂಗಳಲ್ಲಿ 16 ದಿನಗಳ ಮಟ್ಟಿಗೆ ಬೊಲಿವಿಯಾಕ್ಕೆ ಹೋಗಬೇಕೆಂದಿದ್ದೇವೆ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಒಣಹವೆಯ ಕಾಲ. ಇಲ್ಲಿ ಸಕಲೇಶಪುರದಲ್ಲಿ ಆ ಹೊತ್ತಿಗೆ ಜಡಿಮಳೆ ಹಿಡಿದು ತೋಟದ ಕೆಲಸವೂ ನಿಂತಿರುತ್ತದೆ, ಹಾಗಾಗಿ ನಮಗೆ ಬಿಡುವು ಸಿಗುವುದು ಆಗಲೇ.

ಯೋಜನೆ ಹೀಗಿದೆ: ಮಧ್ಯರಾತ್ರಿ ಕಳೆದ ಮೇಲೆ ಲಾ ಪಾಸ್‌ನಲ್ಲಿ ಇಳಿಯುವುದು, ಮರುದಿನವೇ ವಿಮಾನದಲ್ಲಿ ಉಯುನಿಗೆ ಹೋಗುವುದು, ಅದರ ಮರುದಿನದಿಂದ ಉಪ್ಪಿನ ಬಯಲು ಮತ್ತು ದಕ್ಷಿಣದ ಬಣ್ಣದ ಸರೋವರಗಳಿಗೆ ಮೂರು ದಿನಗಳ ಜೀಪ್ ಪ್ರವಾಸ, ಆಮೇಲೆ ಟಿಟಿಕಾಕಾ ಸರೋವರ, ಸೂಕ್ರೆ, ಕೊನೆಯಲ್ಲಿ ಸಾಂತಾ ಕ್ರೂಸ್‌ನಿಂದ ವಾಪಸ್. ಅಪ್ಪ ನಿವೃತ್ತ ಹೈಸ್ಕೂಲು ಶಿಕ್ಷಕರು. ಹತ್ತು ವರ್ಷದಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಉಳಿದಂತೆ ಗಟ್ಟಿಯಾಗಿದ್ದಾರೆ. 2004ರಲ್ಲಿ ಕೈಲಾಸ ಪರಿಕ್ರಮ ಮುಗಿಸಿ ಬಂದವರು. "ಡೋಲ್ಮಾ ಕಣಿವೆಯ 5,600 ಮೀಟರ್ ದಾಟಿದವನಿಗೆ ಲಾ ಪಾಸ್‌ನ 3,600 ಯಾವ ಲೆಕ್ಕ?" ಎಂಬುದು ಅವರ ಮಾತು.

ಆಕಾಶವೆಲ್ಲ ನೆಲದ ಮೇಲೆ ಕನ್ನಡಿಯಂತೆ ಕಾಣುವ ಆ ಚಿತ್ರಕ್ಕಾಗಿಯೇ ಪತ್ನಿ ಈ ದೇಶವನ್ನು ಆರಿಸಿದ್ದು. ಏಜೆಂಟರು ಸೋಮವಾರದವರೆಗೆ ಟಿಕೆಟ್ ಹಿಡಿದಿಟ್ಟಿದ್ದಾರೆ. ಹೋಗಿಬಂದವರು ತಪ್ಪಿದ್ದಲ್ಲಿ ತಿದ್ದಬೇಕು. ನಾವು ಸಸ್ಯಾಹಾರಿಗಳು ಎಂಬುದನ್ನೂ ಸೇರಿಸಿಬಿಡುತ್ತೇನೆ.

ಉಪ್ಪಿನಂಗಡಿಯವ:
ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಆ ಕನ್ನಡಿ ನಿಮಗೆ ಜುಲೈಯಲ್ಲಿ ಸಿಗುವುದಿಲ್ಲ. ಉಪ್ಪಿನ ಮೇಲೆ ಮಳೆನೀರು ತೆಳುವಾಗಿ ನಿಲ್ಲುವುದು ಜನವರಿಯಿಂದ ಮಾರ್ಚ್‌ವರೆಗೆ, ಅಂದರೆ ಅವರ ಮಳೆಗಾಲದಲ್ಲಿ. ಜುಲೈಯಲ್ಲಿ ಬಯಲು ಒಣಗಿ, ಜೇನುಹುಟ್ಟಿನ ಕೋಣೆಗಳಂತೆ ಆರು ಮೂಲೆಯ ಆಕೃತಿಗಳು ಅಂಚು ಎದ್ದು ನಿಂತಿರುತ್ತವೆ. ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ನನ್ನ ಕಣ್ಣಿಗೆ ಕನ್ನಡಿಗಿಂತ ಅದೇ ಚೆಂದ, ಆದರೆ ಆ ಚಿತ್ರವನ್ನು ನೋಡಿಯೇ ಹೊರಟವರಿಗೆ ಇದನ್ನು ಮೊದಲೇ ಹೇಳಬೇಕು. ಅಲ್ಲಿ ಹೋಗಿ ಮುಖ ಸಣ್ಣ ಮಾಡಿಕೊಂಡವರನ್ನು ನೋಡಿದ್ದೇನೆ.

ಒಣಕಾಲದ ಲಾಭವೂ ಇದೆ. ಉಯುನಿಯ ಬಯಲು 10 ಸಾವಿರ ಚದರ ಕಿಲೊಮೀಟರಿಗಿಂತ ದೊಡ್ಡದು, ಅಂದರೆ ನಿಮ್ಮ ಹಾಸನ ಜಿಲ್ಲೆಗಿಂತ ದೊಡ್ಡದು. ನೀರು ನಿಂತಾಗ ಜೀಪುಗಳು ಅಂಚಿನಲ್ಲೇ ಸುತ್ತಿ ವಾಪಸಾಗುತ್ತವೆ. ನಡುವಿನ ಇಂಕಾಹುವಾಸಿ ಎಂಬ ಕಳ್ಳಿಗಿಡಗಳ ದಿಬ್ಬಕ್ಕೆ ಎಷ್ಟೋ ಸಲ ಹೋಗಲಾಗುವುದಿಲ್ಲ. ಜುಲೈಯಲ್ಲಿ ನೇರವಾಗಿ ಅಲ್ಲಿಗೆ ಹೋಗಬಹುದು.

ಸ್ಲೀಪರ್ ಕೋಚ್:
ಬೊಲಿವಿಯಾವರೆಗೆ ಏಕೆ ಹೋಗಬೇಕು? ಲೇಹ್ ಸಾಲದೇ?

ಉಪ್ಪಿನಂಗಡಿಯವ:
ಕೇಳಿದ್ದು ಬೊಲಿವಿಯಾದ ಬಗ್ಗೆ, ಸ್ವಾಮಿ. ಲೇಹ್‌ಗೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿಗೂ ಬರುತ್ತೇನೆ.

ಮುಂಗೋಪಿ ಮೇಷ್ಟ್ರು:
ಕನ್ನಡಿಯ ಮಾತು ಹಾಗಿರಲಿ. ಈ ಯೋಜನೆಯ ನಿಜವಾದ ದೋಷ ಅದರ ಅನುಕ್ರಮದಲ್ಲಿದೆ. ಲಾ ಪಾಸ್‌ನ ವಿಮಾನ ನಿಲ್ದಾಣ ಇರುವುದು ಊರಿನ ಮೇಲ್ಗಡೆಯ ಎಲ್ ಆಲ್ಟೋದಲ್ಲಿ, 4,061 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದರ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೂ ನಿಮ್ಮ ವಿಮಾನ ಇಳಿಯುವ ನೆಲದ ಮಟ್ಟಕ್ಕೆ ಬರುವುದಿಲ್ಲ. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ 60 ಮಾತ್ರ. ನೀವು ಎರಡು ವಿಮಾನ ಬದಲಿಸಿ, ನಿದ್ದೆಗೆಟ್ಟು, ಆಕಾಶದಿಂದ ನೇರವಾಗಿ ಅಲ್ಲಿಗೆ ಬೀಳುತ್ತೀರಿ. ಮೈ ಒಗ್ಗುವ ಮೊದಲೇ ಇನ್ನೂ ಎತ್ತರದ ದಕ್ಷಿಣಕ್ಕೆ ಹೊರಡುತ್ತೀರಿ. ತಗ್ಗಿನಲ್ಲಿರುವ ಸೂಕ್ರೆ ಮತ್ತು ಸಾಂತಾ ಕ್ರೂಸ್ ನಿಮ್ಮ ಪಟ್ಟಿಯಲ್ಲಿ ಕೊನೆಗೆ ಬಂದಿವೆ.

ಅದೇ ಪಟ್ಟಿಯನ್ನು ತಲೆಕೆಳಗು ಮಾಡಿ, ಸಾಕು. ಸಾಂತಾ ಕ್ರೂಸ್ ಸುಮಾರು 400 ಮೀಟರ್, ಸೂಕ್ರೆ ಸುಮಾರು 2,800, ಉಯುನಿ ಸುಮಾರು 3,650, ಟಿಟಿಕಾಕಾ 3,812. ಪ್ರಕೃತಿಯೇ ಮೆಟ್ಟಿಲು ಕಟ್ಟಿಕೊಟ್ಟಿರುವಾಗ ನೀವು ಅಟ್ಟದಿಂದ ಕೆಳಕ್ಕೆ ಇಳಿಯುವ ಯೋಜನೆ ಹಾಕಿದ್ದೀರಿ.

ಇನ್ನು ನಿಮ್ಮ ತಂದೆಯವರ ಕೈಲಾಸದ ಮಾತು. ಅವರಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಆ ವಾದವನ್ನು ನಾನು ಒಪ್ಪುವುದಿಲ್ಲ. ಲಿಪುಲೇಖ್ ದಾರಿಯಲ್ಲಿ ಅಂದು ಹೋದವರು ಬುಧಿ, ಗುಂಜಿ, ಕಾಲಾಪಾನಿ, ನಾಭಿಧಾಂಗ್ ಎಂದು ದಿನಗಟ್ಟಲೆ ನಡೆದು ಏರಿದವರು. ದೆಹಲಿಯಲ್ಲಿ ಒಮ್ಮೆ, ಗುಂಜಿಯಲ್ಲಿ ಇನ್ನೊಮ್ಮೆ ವೈದ್ಯಕೀಯ ತಪಾಸಣೆ ಆಗುತ್ತಿತ್ತು. ಅವರನ್ನು ಕಾಪಾಡಿದ್ದು ಆ ನಿಧಾನ. ಈ ಪ್ರವಾಸದಲ್ಲಿ ನಿಧಾನವನ್ನೇ ನೀವು ತೆಗೆದುಹಾಕಿದ್ದೀರಿ.

ಬ್ಯಾಕ್‌ಪ್ಯಾಕ್ ಭೂಪತಿ:
ಇಷ್ಟೊಂದು ಹೆದರಿಸುವ ಅಗತ್ಯವಿಲ್ಲ. ನಾನು 2019ರಲ್ಲಿ ನೇರವಾಗಿ ಎಲ್ ಆಲ್ಟೋದಲ್ಲೇ ಇಳಿದೆ. ಹೋಟೆಲಿನಲ್ಲಿ ಕೋಕಾ ಎಲೆಯ ಕಷಾಯ ಕೊಟ್ಟರು, ಕುಡಿದೆ, ಸಂಜೆಗೆ ರೋಪ್‌ವೇಯಲ್ಲಿ ಊರು ಸುತ್ತಿದೆ. ಏನೂ ಆಗಲಿಲ್ಲ. ಆ ಎತ್ತರದಲ್ಲಿ ಲಕ್ಷಾಂತರ ಜನ ಬದುಕುತ್ತಿದ್ದಾರೆ ಎಂಬುದನ್ನು ಮರೆಯಬೇಡಿ.

ಗಡಿಯಾಚೆಯವಳು:
ಭೂಪತಿಯವರೇ, ಅಲ್ಲಿ ಬದುಕುವವರು ತಲೆಮಾರುಗಳಿಂದ ಆ ಗಾಳಿಗೆ ಒಗ್ಗಿದ ಐಮಾರಾ ಮತ್ತು ಕೆಚುವಾ ಜನ. ನಿಮಗೆ ಏನೂ ಆಗಲಿಲ್ಲ ಎಂಬುದು ಸಂತೋಷದ ವಿಷಯ, ಆದರೆ ಅದರಿಂದ ಇನ್ನೊಬ್ಬರಿಗೆ ಏನೂ ಆಗುವುದಿಲ್ಲ ಎಂದು ಹೇಳಲು ಬರುವುದಿಲ್ಲ.

ನಮ್ಮದೊಂದು ಅನುಭವ ಹೇಳುತ್ತೇನೆ. 2018ರ ಜೂನ್‌ನಲ್ಲಿ ನಾವು ನಾಲ್ವರು ಇದೇ ಮೂರು ದಿನಗಳ ಜೀಪ್ ಪ್ರವಾಸಕ್ಕೆ ಹೋಗಿದ್ದೆವು. ಎರಡನೆಯ ರಾತ್ರಿ ಲಗೂನಾ ಕೊಲೊರಾಡಾ ಎಂಬ ಕೆಂಪು ಸರೋವರದ ಹತ್ತಿರ, ಸುಮಾರು 4,300 ಮೀಟರ್ ಎತ್ತರದ ಒಂದು ಇಟ್ಟಿಗೆ ಕಟ್ಟಡದಲ್ಲಿ ತಂಗಿದೆವು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದವನು, ಪ್ರತಿದಿನ ಬೆಳಿಗ್ಗೆ ಓಡುವ 29ರ ಹುಡುಗ, ಊಟ ಬೇಡವೆಂದು ಮಲಗಿದ. ನಡುರಾತ್ರಿ ಎದ್ದು ಕುಳಿತು ಕೆಮ್ಮುತ್ತಿದ್ದ. ಮಲಗಿದರೆ ಉಸಿರು ಸಿಗುವುದಿಲ್ಲ ಎಂದ. ಜಾಕೆಟ್ಟಿನ ಗುಂಡಿ ಹಾಕಿಕೊಳ್ಳಲು ಹೋದವನು ಮೂರು ಸಲ ತಪ್ಪಿದ, ಆಮೇಲೆ ಗುಂಡಿಯನ್ನೇ ನೋಡುತ್ತ ಕುಳಿತ. ಟಾರ್ಚಿನ ಬೆಳಕಿನಲ್ಲಿ ಅವನ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ಚಾಲಕರು ಜೀಪಿನಿಂದ ಆಮ್ಲಜನಕದ ಸಿಲಿಂಡರ್ ತಂದರೆ ಅದರ ಮುಳ್ಳು ಸೊನ್ನೆಯಲ್ಲಿತ್ತು. ಪ್ರವಾಸ ನಡೆಸಿದವರು ಹೊರಡುವಾಗ "ಸಿಲಿಂಡರ್ ಇದೆ" ಎಂದಿದ್ದರು; ಇದ್ದದ್ದು ನಿಜ.

ಆ ಕತ್ತಲಲ್ಲೇ ಉಯುನಿಗೆ ಹೊರಟೆವು. ಅವನು ಎರಡು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲಿದ್ದು, ಆಮೇಲೆ ಸೂಕ್ರೆಗೆ ಇಳಿದು ಚೇತರಿಸಿಕೊಂಡ. ನಕಾಶೆ ನೋಡಿದರೆ ಅಲ್ಲಿಂದ ತಗ್ಗಿನ ಊರೆಂದರೆ ಗಡಿಯಾಚೆ ಚಿಲಿಯಲ್ಲಿರುವ ಸಾನ್ ಪೆದ್ರೊ ದೆ ಅಟಕಾಮಾ, ಸುಮಾರು 2,400 ಮೀಟರ್. ಯುರೋಪಿನವರು ಆ ಕಡೆಗೇ ಇಳಿದುಬಿಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಚಿಲಿಯ ವೀಸಾ ಇಲ್ಲದಿದ್ದರೆ ಆ ದಾರಿ ಮುಚ್ಚಿದಂತೆಯೇ. ಆದ್ದರಿಂದ ಜೀಪಿಗೆ ಹಣ ಕಟ್ಟುವ ಮೊದಲು ಸಿಲಿಂಡರಿನ ಮುಳ್ಳನ್ನು ನಿಮ್ಮ ಕಣ್ಣಿನಿಂದ ನೋಡಿ.

ವೈದ್ಯೆ, ಧಾರವಾಡ:
ಗಡಿಯಾಚೆಯವರು ವರ್ಣಿಸಿದ್ದು ಶ್ವಾಸಕೋಶದಲ್ಲಿ ನೀರು ತುಂಬುವ ಲಕ್ಷಣ. ಗುಂಡಿ ಹಾಕಲಾಗದಿರುವುದು ಮೆದುಳಿಗೂ ತೊಂದರೆ ತಟ್ಟುತ್ತಿರುವ ಸೂಚನೆಯಾಗಿರಬಹುದು. ಎರಡಕ್ಕೂ ಮುಖ್ಯ ಚಿಕಿತ್ಸೆ ಕೆಳಗೆ ಇಳಿಯುವುದೇ. ದೈಹಿಕ ದಾರ್ಢ್ಯಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. ಓಡುವ ಹುಡುಗರು ತಲೆನೋವನ್ನು ಲೆಕ್ಕಿಸದೆ ಮೇಲೇರುತ್ತಾರೆ, ಹಾಗಾಗಿ ಹೆಚ್ಚು ಸಿಕ್ಕಿಬೀಳುತ್ತಾರೆ.

ಸಾಮಾನ್ಯ ಸೂತ್ರವೆಂದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲಿಯೇ ನಿಲ್ಲಬೇಕು. ಹಗಲಿನಲ್ಲಿ ಎತ್ತರಕ್ಕೆ ಹೋಗಿ ಬರುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು ಮುಖ್ಯ. ಅಸೆಟಜೋಲಮೈಡ್ ಮಾತ್ರೆಯನ್ನು ತಡೆಗಾಗಿ ಕೊಡುವಾಗ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಆರಂಭಿಸುತ್ತೇವೆ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚಾಗುತ್ತದೆ. ಸಲ್ಫಾ ಔಷಧಗಳ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ನಿಮ್ಮ ತಂದೆಯವರ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದರೆ ಪೊಟ್ಯಾಸಿಯಂ ಇಳಿಯುವ ಸಾಧ್ಯತೆಯಿದೆ, ಆದ್ದರಿಂದ ಅಂಗಡಿಯಿಂದ ನೀವೇ ತಂದು ನುಂಗಿಸಬೇಡಿ. ಅವರ ವೈದ್ಯರೇ ಬರೆದುಕೊಡಲಿ. ಎತ್ತರದಲ್ಲಿ ಮೊದಲ ಕೆಲವು ದಿನ ಬಿ.ಪಿ. ತುಸು ಏರುವುದುಂಟು, ಯಂತ್ರ ಜೊತೆಗಿರಲಿ. ನಿದ್ರೆ ಬರಲಿಲ್ಲವೆಂದು ನಿದ್ರೆಮಾತ್ರೆ ಖಂಡಿತ ಬೇಡ.

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ಬೊಲಿವಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಭಾರತಕ್ಕೆ ಮರಳುವವರ ಹತ್ತಿರ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಇಲ್ಲಿಯ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವಷ್ಟೇ ಆ ಪತ್ರಕ್ಕೆ ಮಾನ್ಯತೆ. ಈಗ ತೊಡಕು ಏನೆಂದರೆ, 60 ದಾಟಿದವರಲ್ಲಿ ಮೊದಲ ಸಲ ಈ ಲಸಿಕೆ ಹಾಕುವಾಗ ಗಂಭೀರ ಅಡ್ಡಪರಿಣಾಮದ ಸಂಭವ, ಅಪರೂಪವಾದರೂ, ಕಿರಿಯರಿಗಿಂತ ಹೆಚ್ಚು. ಮೇಷ್ಟ್ರು ಹೇಳಿದ ದಾರಿ ಶ್ವಾಸಕ್ಕೆ ಒಳ್ಳೆಯದು, ಆದರೆ ಸಾಂತಾ ಕ್ರೂಸ್ ಇರುವುದು ಈ ಸೊಳ್ಳೆಗಳ ತಗ್ಗು ಪ್ರದೇಶದಲ್ಲಿ. ಆದ್ದರಿಂದ ಟಿಕೆಟ್‌ಗಿಂತ ಮೊದಲು ಲಸಿಕೆಯ ವಿಷಯ ತೀರ್ಮಾನವಾಗಲಿ.

ಹೇಮಾವತಿ ದಂಡೆ:
ಮೇಡಂ, ತುಂಬಾ ಉಪಕಾರವಾಯಿತು. ಲಸಿಕೆಯ ವಿಷಯ ಏಜೆಂಟರು ಬಾಯಿಬಿಟ್ಟಿರಲಿಲ್ಲ. ಶನಿವಾರವೇ ಅಪ್ಪನನ್ನು ವೈದ್ಯರ ಬಳಿ ಕರೆದೊಯ್ಯುತ್ತೇನೆ. ಅವರ ಮಾತ್ರೆಯ ಪಟ್ಟಿ ನೋಡಿದೆ. ನೀವು ಅನುಮಾನಿಸಿದಂತೆ ಎರಡು ಔಷಧ ಸೇರಿದ ಮಾತ್ರೆ ಅದು.

ಬ್ಯಾಕ್‌ಪ್ಯಾಕ್ ಭೂಪತಿ:
ಸರಿ, ಅನುಕ್ರಮದ ಮಾತು ಒಪ್ಪಿದೆ. ಆದರೆ ಕೋಕಾ ಕಷಾಯ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಬಿಟ್ಟುಕೊಡುವುದಿಲ್ಲ. ನಾನು ಒಂದು ಪೊಟ್ಟಣ ಊರಿಗೂ ತರಬೇಕೆಂದಿದ್ದೆ, ಮರೆತುಹೋಯಿತು.

ಮುಂಗೋಪಿ ಮೇಷ್ಟ್ರು:
ಮರೆತದ್ದು ನಿಮ್ಮ ಪುಣ್ಯ. ಅಲ್ಲಿ ಅದು ಸಂತೆಯಲ್ಲಿ ಸಿಗುವ ಸೊಪ್ಪು. ಇಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಕೋಕಾ ಎಲೆ ಇಟ್ಟುಕೊಳ್ಳುವುದೇ ಅಪರಾಧ. ಕುಡಿಯುವುದಿದ್ದರೆ ಅಲ್ಲಿಯೇ ಕುಡಿದು, ಚೀಲದ ಮೂಲೆಗಳನ್ನು ಕೊಡವಿ ಬನ್ನಿ.

ನಕ್ಷತ್ರಿಕ:
ಕನ್ನಡಿ ತಪ್ಪಿತೆಂದು ನಿಮ್ಮ ಪತ್ನಿಯವರು ಬೇಸರಿಸಬೇಕಾಗಿಲ್ಲ, ಜುಲೈ ರಾತ್ರಿಯ ಆಕಾಶವನ್ನು ಕೇಳಿಕೊಳ್ಳಲಿ. ಉಯುನಿ ಇರುವುದು 20 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ನಮ್ಮ ಊರುಗಳಲ್ಲಿ ದಕ್ಷಿಣಕ್ಕೆ ವಾಲಿಕೊಂಡು ಕಾಣುವ ವೃಶ್ಚಿಕ, ಧನು ರಾಶಿಗಳು ಅಲ್ಲಿ ನಡುರಾತ್ರಿಯ ಹೊತ್ತಿಗೆ ನಡುನೆತ್ತಿಯ ಬಳಿಯೇ ಬರುತ್ತವೆ, ಅಂದರೆ ಆಕಾಶಗಂಗೆಯ ಅತ್ಯಂತ ದಟ್ಟವಾದ ಭಾಗ ತಲೆಯ ಮೇಲಿರುತ್ತದೆ. ಆಂಡೀಸ್‌ನ ಜನ ಚುಕ್ಕಿಗಳನ್ನು ಜೋಡಿಸಿದಂತೆಯೇ, ಆಕಾಶಗಂಗೆಯ ನಡುವಿನ ಕಪ್ಪು ಮಬ್ಬುಗಳಲ್ಲೂ ಆಕೃತಿ ಕಂಡವರು. ಅದರಲ್ಲಿ ಮುಖ್ಯವಾದದ್ದು ಒಂದು ಲಾಮಾ, ಅದರ ಕಣ್ಣುಗಳು ಆಲ್ಫಾ ಸೆಂಟಾರಿ, ಬೀಟಾ ಸೆಂಟಾರಿ ಎಂಬ ಎರಡು ಪ್ರಖರ ನಕ್ಷತ್ರಗಳು. ಅದನ್ನು ಅಲ್ಲಿಯ ಚಾಲಕರೇ ಕೈ ಚಾಚಿ ತೋರಿಸಿದರು.

ಆದ್ದರಿಂದ ಪಂಚಾಂಗ ತೆರೆದು ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕೈದು ದಿನ ಉಯುನಿಯಲ್ಲಿ ಇರುವಂತೆ ತಾರೀಖು ಹಾಕಿಕೊಳ್ಳಿ. ಹುಣ್ಣಿಮೆಯಲ್ಲಿ ಬಿಳಿ ಬಯಲು ಹಗಲಿನಂತೆ ಬೆಳಗಿ ಚುಕ್ಕಿಗಳೇ ಮಾಯವಾಗುತ್ತವೆ.

ಉಪ್ಪಿನಂಗಡಿಯವ:
ನಕ್ಷತ್ರಿಕರ ಮಾತಿಗೆ ಚಳಿಯ ಲೆಕ್ಕವನ್ನೂ ಸೇರಿಸುತ್ತೇನೆ. ಅಲ್ಲಿ ಮೋಡವಿಲ್ಲದ ರಾತ್ರಿಯೆಂದರೆ ಹಾಸುಹೊದಿಕೆಯಿಲ್ಲದ ರಾತ್ರಿ. ಉಯುನಿಯಲ್ಲಿ ಜೂನ್, ಜುಲೈಗಳಲ್ಲಿ ಸೊನ್ನೆಯಿಂದ 10 ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ, ದಕ್ಷಿಣದ ಸರೋವರಗಳ ಬಳಿ 20 ಡಿಗ್ರಿ ಕೆಳಕ್ಕೂ ಹೋಗುತ್ತದೆ. ಅಗ್ಗದ ತಂಗುಮನೆಗಳಲ್ಲಿ ಹೀಟರ್ ಇರುವುದಿಲ್ಲ. ಫೋನು, ಕ್ಯಾಮೆರಾ ಬ್ಯಾಟರಿಗಳನ್ನು ಹೊದಿಕೆಯೊಳಗೆ ಮೈಗೆ ತಾಗಿಸಿಕೊಂಡೇ ಮಲಗಬೇಕು, ಇಲ್ಲವಾದರೆ ಬೆಳಿಗ್ಗೆ ಏಳುವಾಗ ಸತ್ತಿರುತ್ತವೆ. ಹಗಲು ಮಾತ್ರ ಬಿಸಿಲು ಸುಡುತ್ತದೆ. ಉಪ್ಪಿನಿಂದ ಮೇಲಕ್ಕೆ ಪುಟಿಯುವ ಬಿಸಿಲಿಗೆ ನನ್ನ ಗದ್ದದ ಅಡಿಭಾಗ ಮತ್ತು ಮೂಗಿನ ಹೊಳ್ಳೆಯ ಒಳಗೂ ಸುಟ್ಟಿತ್ತು. ಟೋಪಿ ಹಾಕಿಕೊಂಡಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ.

ಒಗ್ಗರಣೆ ಡಬ್ಬಿ:
ಊಟದ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಮಾಂಸ ಬೇಡವೆಂದರೆ ಕೋಳಿ ತಂದಿಡುವ ಊರುಗಳಿವೆ. ಕಡಲೆಕಾಯಿ ಸಾರು ಎಂದು ಆಸೆಪಟ್ಟು ತರಿಸಿದರೆ ಅದು ಬಹುತೇಕ ಮೂಳೆ ಬೇಯಿಸಿದ ನೀರಿನಲ್ಲೇ ಆಗಿರುತ್ತದೆ. "ಮಾಂಸವಿಲ್ಲ, ಕೋಳಿಯಿಲ್ಲ, ಮಾಂಸದ ಸಾರೂ ಇಲ್ಲ" ಎಂದು ಸ್ಪಾನಿಷ್‌ನಲ್ಲಿ ಒಂದು ಚೀಟಿ ಬರೆಸಿಕೊಂಡು ಹೋಗಿ. ನೇರಳೆ ಬಣ್ಣದ ಜೋಳದ, ದಾಲ್ಚಿನ್ನಿ ಹಾಕಿದ ಆಪಿ ಎಂಬ ಬಿಸಿ ಪಾನೀಯವನ್ನು ಬೆಳಿಗ್ಗೆ ತಪ್ಪದೆ ಕುಡಿಯಿರಿ. ತೆಳ್ಳಗಿನ ರಾಗಿ ಅಂಬಲಿಗೆ ಸಕ್ಕರೆ ಹಾಕಿದಂತೆ ಗಂಟಲಿಗೆ ಹಿತವಾಗಿರುತ್ತದೆ.

ಒಣಕಾಲದಲ್ಲೇ ನೋಡಬೇಕಾದದ್ದು ಚುನ್ಯೋ ಮಾಡುವ ಬಗೆ. ಜೂನ್, ಜುಲೈಯ ಹಿಮದ ರಾತ್ರಿಯಲ್ಲಿ ಸಣ್ಣ ಆಲೂಗಡ್ಡೆಗಳನ್ನು ಬಯಲಲ್ಲಿ ಹರಡುತ್ತಾರೆ, ಹಗಲು ಬಿಸಿಲಿಗೆ ಮೆತ್ತಗಾದಾಗ ಬರಿಗಾಲಿನಲ್ಲಿ ತುಳಿದು ನೀರು ಹಿಂಡುತ್ತಾರೆ. ಹೀಗೆ ಕೆಲವು ದಿನ ಮಾಡಿದರೆ ಅದು ಒಣಗಿ ಹಗುರವಾಗಿ ಕಪ್ಪಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ನಮ್ಮ ಅಜ್ಜಿ ಬಿಸಿಲು ನಂಬಿ ಸಂಡಿಗೆ ಇಡುತ್ತಿದ್ದರು. ಅವರು ಬಿಸಿಲು, ಚಳಿ ಎರಡನ್ನೂ ನಂಬುತ್ತಾರೆ. ರುಚಿ? ಮೊದಲ ತುತ್ತಿಗೆ ಮಣ್ಣು. ಮೂರನೆಯ ದಿನ ನಾನೇ ಕೇಳಿ ಹಾಕಿಸಿಕೊಂಡೆ.

ಕುಕ್ಕರ್ ಇಲ್ಲದೆ ಅಕ್ಕಿಬೇಳೆ ಬೇಯಿಸುವ ಆಸೆ ಬಿಡಿ. ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಬೇಳೆ ಮುಗುಳ್ನಗುತ್ತ ಹಾಗೇ ಇರುತ್ತದೆ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಬಿಸಿನೀರು ಸಾಕು.

ಸ್ಲೀಪರ್ ಕೋಚ್:
ಈಗ ನನಗೂ ಹೋಗಬೇಕೆನಿಸುತ್ತಿದೆ. ಖರ್ಚಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಗಡಿಯಾಚೆಯವಳು:
ದೊಡ್ಡ ಖರ್ಚು ವಿಮಾನದ್ದೇ. ನೇರ ವಿಮಾನವಿಲ್ಲ, ಯುರೋಪ್ ಅಥವಾ ದಕ್ಷಿಣ ಅಮೆರಿಕದ ಬೇರೊಂದು ಊರಿನ ಮೂಲಕವೇ ಹೋಗಬೇಕು. ಅಮೆರಿಕದ ಮೂಲಕ ಅಗ್ಗದ ಟಿಕೆಟ್ ಕಂಡರೆ ಹಿಗ್ಗಬೇಡಿ, ಅಲ್ಲಿ ವಿಮಾನ ಬದಲಿಸುವುದಕ್ಕೂ ನಮಗೆ ವೀಸಾ ಬೇಕು. ಬೊಲಿವಿಯಾದಲ್ಲಿ 2023ರಿಂದ ಡಾಲರಿನ ಕೊರತೆ ಶುರುವಾಗಿ, ಆಮೇಲೆ ಡೀಸೆಲ್ ಬಂಕುಗಳ ಮುಂದೆ ಲಾರಿಗಳ ಮೈಲುದ್ದದ ಸಾಲುಗಳೂ ಬಂದವು. ಮಡಿಕೆಯಿಲ್ಲದ ಹೊಸ ಡಾಲರ್ ನೋಟುಗಳನ್ನು ಒಯ್ಯಿರಿ. ತುದಿ ಹರಿದ ನೋಟನ್ನು ಯಾರೂ ಮುಟ್ಟುವುದಿಲ್ಲ. ಇನ್ನೊಂದು, ಅಲ್ಲಿ ರಸ್ತೆತಡೆ ಎಂಬುದು ನಮ್ಮ ಬಂದ್‌ನ ದೊಡ್ಡಣ್ಣ. ಕೆಲವೊಮ್ಮೆ ದಿನಗಟ್ಟಲೆ ಹೆದ್ದಾರಿಗೆ ಕಲ್ಲು ಹಾಕಿ ಕೂರುತ್ತಾರೆ. ಮರಳುವ ವಿಮಾನಕ್ಕೆ ಮೊದಲು ಎರಡು ದಿನ ಖಾಲಿ ಇಟ್ಟುಕೊಳ್ಳಿ.

ಹೇಮಾವತಿ ದಂಡೆ:
ಎಲ್ಲ ಓದಿ ಹೊಸ ಪಟ್ಟಿ ಮಾಡಿದ್ದೇನೆ. ಸಾಂತಾ ಕ್ರೂಸ್‌ನಲ್ಲಿ ಎರಡು ರಾತ್ರಿ, ಸೂಕ್ರೆಯಲ್ಲಿ ನಾಲ್ಕು, ಇನ್ನೂ ಎತ್ತರದಲ್ಲಿರುವ ಪೊಟೊಸಿ ಊರಿನಲ್ಲಿ ಮಲಗದೆ ಬಸ್ಸಿನಲ್ಲಿ ದಾಟಿ ಉಯುನಿಯಲ್ಲಿ ಮೂರು, ಆಮೇಲೆ ಲಾ ಪಾಸ್ ಮತ್ತು ಟಿಟಿಕಾಕಾ, ಕೊನೆಗೆ ಎರಡು ದಿನ ಖಾಲಿ. ಒಂದೇ ಗೊಂದಲ ಉಳಿದಿದೆ. ದಕ್ಷಿಣದ ಸರೋವರಗಳಿಗೆ ನಾನೂ ಪತ್ನಿಯೂ ಹೋಗಿ ಅಪ್ಪನನ್ನು ಉಯುನಿಯ ಹೋಟೆಲಿನಲ್ಲಿ ಬಿಡಬಹುದೇ?

ಮುಂಗೋಪಿ ಮೇಷ್ಟ್ರು:
ಭಾಷೆ ಬಾರದ ಊರಿನಲ್ಲಿ, ಬಿ.ಪಿ. ಇರುವ ಹಿರಿಯರನ್ನು ಮೂರು ದಿನ ಒಬ್ಬರೇ ಬಿಟ್ಟು, ಫೋನು ಸಿಗದ ಜಾಗಕ್ಕೆ ಹೋಗುತ್ತೀರಾ? ನಾನಾದರೆ ಹೋಗುವುದಿಲ್ಲ.

ಬ್ಯಾಕ್‌ಪ್ಯಾಕ್ ಭೂಪತಿ:
ಅಷ್ಟು ದೂರ ಹೋಗಿ ಫ್ಲೆಮಿಂಗೊಗಳನ್ನು ನೋಡದೆ ಬರುವುದೆಂದರೆ ಹಂಪಿಗೆ ಹೋಗಿ ರಥ ನೋಡದೆ ಬಂದಂತೆ.

ವೈದ್ಯೆ, ಧಾರವಾಡ:
ಆ ರಥ 4,300 ಮೀಟರಿನಲ್ಲಿಲ್ಲ, ಭೂಪತಿಯವರೇ. ಆ ಪ್ರವಾಸದಲ್ಲಿ ಬಿಸಿನೀರ ಬುಗ್ಗೆಗಳಿರುವ ಸೋಲ್ ದೆ ಮಾನ್ಯಾನಾ ಸುಮಾರು 4,850 ಮೀಟರ್, ಅಲ್ಲಿಗೆ ಹೋಗುವುದು ಸೂರ್ಯ ಹುಟ್ಟುವ ಮೊದಲಿನ ಚಳಿಯಲ್ಲಿ. ಉಪ್ಪಿನ ಬಯಲಿಗೆ ಮೂವರೂ ಒಂದು ದಿನದ ಪ್ರವಾಸ ಮಾಡಿ, ಸೂರ್ಯಾಸ್ತ ನೋಡಿ, ಉಯುನಿಯಲ್ಲೇ ಮಲಗಿ. ಹೊಸ ಪಟ್ಟಿಯಲ್ಲೂ ಸೂಕ್ರೆಯಿಂದ ಉಯುನಿಗೆ ಏರುವುದು 500 ಮೀಟರಿಗಿಂತ ಹೆಚ್ಚೇ ಇದೆ, ಆದ್ದರಿಂದ ಅಲ್ಲಿಯ ಮೊದಲ ದಿನ ಏನೂ ಕಾರ್ಯಕ್ರಮ ಬೇಡ.

ಹೇಮಾವತಿ ದಂಡೆ:
ಒಂದು ಸುದ್ದಿ. ನಿನ್ನೆ ರಾತ್ರಿ ಅಪ್ಪ ಕನ್ನಡಕ ಹಾಕಿಕೊಂಡು ಈ ಚರ್ಚೆಯನ್ನು ಮೊದಲಿನಿಂದ ಓದಿದರು. ಮೇಷ್ಟ್ರು ಗುಂಜಿಯ ಹೆಸರು ಎತ್ತಿದ್ದಲ್ಲಿ ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗುಂಜಿಯಲ್ಲಿ ನಮ್ಮ ತಂಡದ ಇಬ್ಬರನ್ನು ವಾಪಸ್ ಕಳಿಸಿದರು. ಒಬ್ಬರು ನನಗಿಂತ ಗಟ್ಟಿಯಾಗಿದ್ದರು, ಮಗುವಿನಂತೆ ಅತ್ತರು" ಎಂದರು. ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ಅವರು ಒಮ್ಮೆಯೂ ಮನೆಯಲ್ಲಿ ಹೇಳಿರಲಿಲ್ಲ. ದಕ್ಷಿಣದ ಸರೋವರಗಳನ್ನು ಕೈಬಿಟ್ಟಿದ್ದೇವೆ. ಲಸಿಕೆಯ ಬಗ್ಗೆ ವೈದ್ಯರು ಹೃದಯದ ಪರೀಕ್ಷೆಯ ವರದಿ ನೋಡಿ ಹೇಳುತ್ತೇನೆಂದಿದ್ದಾರೆ, ಅಲ್ಲಿಯವರೆಗೆ ಟಿಕೆಟ್ ಬಿಟ್ಟುಕೊಟ್ಟಿದ್ದೇನೆ. ಪತ್ನಿ ಅಮಾವಾಸ್ಯೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.

ಒಗ್ಗರಣೆ ಡಬ್ಬಿಯವರಿಗೆ ಅಪ್ಪನ ಪ್ರಶ್ನೆ: ಯಾವ ಅವಲಕ್ಕಿ?

ಒಗ್ಗರಣೆ ಡಬ್ಬಿ:
ಪೇಪರ್ ಅವಲಕ್ಕಿ ಬೇಡವೆಂದು ಹೇಳಿ, ಎರಡನೆಯ ವಿಮಾನಕ್ಕೇ ಪುಡಿಯಾಗಿರುತ್ತದೆ. ಗಟ್ಟಿ ಅವಲಕ್ಕಿ, ಅರ್ಧ ಅರ್ಧ ಕಿಲೋದ ಮುಚ್ಚಿದ ಪೊಟ್ಟಣಗಳಲ್ಲಿ. ನೆನೆಯಲು ಮಾತ್ರ ಇಲ್ಲಿಗಿಂತ ಐದು ನಿಮಿಷ ಹೆಚ್ಚು ಬಿಡಬೇಕು.